ಷರಾದಲ್ಲಿ ಎರಡು ಚುಕ್ಕೆ

ಬರೀ ಚುಕ್ಕೆಯೇ ಇರಬಹುದಲ್ಲ? ಏನೋ ಬರೆಯಲು ಹೊರಟು, ಬರೆಯುವಂಥದ್ದೇನೂ ಇಲ್ಲ ಅನ್ನಿಸಿ, ಯಾರೋ ಬೆರಳು ತಾಗಿಸಿ ಬಿಟ್ಟದ್ದು. ಅಥವಾ ಪರದೆಯ ಮೇಲೆ ಕೂತ ಧೂಳು. ಅವನು ತೋರುಬೆರಳಿನಿಂದ ಪರದೆ ಒರೆಸಿದ. ಧೂಳಾಗಿದ್ದರೆ ಹೋಗಬೇಕಿತ್ತು, ಹೋಗಲಿಲ್ಲ. ಒಂದಿಲ್ಲ, ಎರಡಿವೆ, ನಡುವೆ ಚೂರು ಜಾಗ. ಅಕ್ಕನ ಹೆಸರು, ವಯಸ್ಸು, ಫೋನ್ ನಂಬರು, ತಪಾಸಣೆಯ ದಿನಾಂಕ ಎಲ್ಲ ಸರಿಯಾಗಿದ್ದವು. ಕೊನೆಯ ಕಾಲಂ ಷರಾದ್ದು. ಅಲ್ಲಿ ಎರಡು ಚುಕ್ಕೆ ಬಿಟ್ಟರೆ ಮತ್ತೇನೂ ಇರಲಿಲ್ಲ.

ಏನೂ ಇಲ್ಲ ಅಂದರೆ ಏನೂ ಇಲ್ಲ ಅಂತಲೇ ಅರ್ಥ ಎಂದು ತನಗೇ ಹೇಳಿಕೊಂಡ. ಆ ಬೆಳಿಗ್ಗೆ ಹಾಗೆ ಹೇಳಿಕೊಂಡದ್ದು ಮೂರನೆಯ ಸಲ.

ಆ ಸಾಲನ್ನು ಅವನು ನೋಡಬಾರದಿತ್ತು. ಅವನಿದ್ದ ಚಿಕ್ಕ ಕಂಪನಿ ಒಂದು ಕಣ್ಣಾಸ್ಪತ್ರೆಗೆ ವೆಬ್ ತಂತ್ರಾಂಶ ಮಾಡಿಕೊಟ್ಟಿತ್ತು. ಆಸ್ಪತ್ರೆಗೆ ಒಂಬತ್ತು ಶಾಖೆಗಳು. ಶಾಖೆಯಲ್ಲಿ ಕಣ್ಣಿನ ಒತ್ತಡ ಅಳೆದು, ಒಳಭಾಗದ ಚಿತ್ರ ತೆಗೆದು, ಬಂದವರನ್ನು ಮನೆಗೆ ಕಳಿಸುತ್ತಾರೆ. ಎರಡು ಮೂರು ದಿನ ಬಿಟ್ಟು ದೊಡ್ಡ ಡಾಕ್ಟರು ಚಿತ್ರಗಳನ್ನು ನೋಡಿ, ಯಾರದ್ದಾದರೂ ಹೆಚ್ಚುಕಮ್ಮಿ ಇದ್ದರೆ ಷರಾ ಹೇಳುತ್ತಾರೆ. ಶಾಖೆಯ ಟೈಪಿಸ್ಟು ಅದನ್ನು ಪಟ್ಟಿಯಲ್ಲಿ ಸೇರಿಸಿ, ವಾರಕ್ಕೊಮ್ಮೆ ಆ ಫೈಲನ್ನು ತಂತ್ರಾಂಶಕ್ಕೆ ಅಪ್‌ಲೋಡ್ ಮಾಡುತ್ತಾರೆ. ಷರಾದಲ್ಲಿ ‘ಮತ್ತೆ ಕರೆಸಿ’ ಎಂಬ ಮಾತಿದ್ದರೆ ತಂತ್ರಾಂಶ ಆ ಹೆಸರನ್ನು ಆರಿಸಿ, ಮುಖ್ಯ ಆಸ್ಪತ್ರೆಯಲ್ಲಿ ಕೂತು ಫೋನ್ ಮಾಡುವವರಿಗೆ ಕೊಡುತ್ತದೆ. ಮಿಕ್ಕವರಿಗೆ ಯಾರೂ ಫೋನ್ ಮಾಡುವುದಿಲ್ಲ. ಕೌಂಟರಿನಲ್ಲಿ ಹೇಳಿ ಕಳಿಸುವುದೂ ಅದನ್ನೇ: "ಫೋನ್ ಬಂದ್ರೆ ಬನ್ನಿ. ಬರ್ಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ತಿಳ್ಕೊಳ್ಳಿ."

ಅಕ್ಕನೂ ಹಾಗೇ ತಿಳಿದುಕೊಂಡಿದ್ದಳು, ಎಂಟು ತಿಂಗಳಿಂದ.

ಹಿಂದಿನ ದಿನ ರಜೆ. ಅವನು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದ. ಊಟದ ನಡುವೆ ಅಕ್ಕನ ಕೈ ತಾಗಿ ಎಡಗಡೆಯಿದ್ದ ನೀರಿನ ಲೋಟ ಉರುಳಿತು. ಒರೆಸಿ, ಇನ್ನೊಂದು ಲೋಟ ತಂದಿಟ್ಟುಕೊಂಡಳು. ಅದೂ ಉರುಳಿತು.

"ಈ ಮನೇಲಿ ಲೋಟಕ್ಕೂ ಕಾಲು ಬಂದಿದೆ ನೋಡು," ಎಂದು ನಕ್ಕಳು. "ಇಟ್ಟ ಜಾಗದಲ್ಲಿ ಒಂದೂ ಇರಲ್ಲ."

ಅವನು ನಗಲಿಲ್ಲ. "ಕಣ್ಣು ತೋರಿಸ್ಕೊಂಡು ಬಂದ್ಯಲ್ಲಕ್ಕ, ಏನಂದ್ರು?"

"ಏನೂ ಅನ್ಲಿಲ್ಲ. ಫೋನ್ ಬರ್ಲಿಲ್ಲ. ಬಂದಿಲ್ಲ ಅಂದ್ರೆ ಸರಿ ಇದೆ ಅಂತ ಲೆಕ್ಕ." ಆಮೇಲೆ ದನಿ ಇಳಿಸಿ, ಯಾರೂ ಇಲ್ಲದ ಮನೆಯಲ್ಲೂ ಯಾರೋ ಕೇಳಿಸಿಕೊಂಡಾರು ಎನ್ನುವಂತೆ ಹೇಳಿದಳು: "ಹೋದ ವಾರ ನಲವತ್ತು ವಾಚ್‌ಮ್ಯಾನ್ ಅಂಗಿಯ ಮುಂಭಾಗ ಒಟ್ಟಿಗೆ ಕತ್ತರಿಸ್ದೆ ಕಣೋ. ಎಡಗಡೆ ಅಂಚು ಒಂದು ಬೆರಳು ಒಳಗೆ ಹೋಗಿದೆ. ನಲವತ್ತೂ ಹಾಳು. ನಮ್ಮ ಅಂಗಡಿ ಯಜಮಾನ, ಯಾಕೆ ಮೇಷ್ಟ್ರಮ್ಮ, ಈ ವರ್ಷ ವಾಚ್‌ಮ್ಯಾನ್‌ಗಳೆಲ್ಲ ಸೊರಗಿಹೋಗಿದ್ದಾರಾ ಅಂತ ಕೇಳ್ದ. ನಗ್ತಾನೇ ಕೇಳ್ದ. ಆದ್ರೂ ಮೂರು ದಿನದಿಂದ ದೊಡ್ಡ ಕಟಿಂಗ್ ನನ್ ಕೈಗೆ ಕೊಟ್ಟಿಲ್ಲ."

ಅಕ್ಕ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಇಪ್ಪತ್ತೆರಡು ವರ್ಷ ಮೊಳದುದ್ದದ ಕತ್ತರಿ ಹಿಡಿದ ಅವಳ ಹೆಬ್ಬೆರಳಿನ ಬುಡದಲ್ಲಿ ಗಟ್ಟಿ ಗಂಟೊಂದು ಕೂತಿದೆ. ಗಂಡ ತೀರಿಕೊಂಡ ಮೇಲೆ ಅವಳನ್ನು ದಿನಾ ಎಬ್ಬಿಸಿ ನಡೆಸಿದ್ದು ಆ ಕತ್ತರಿ. ತನ್ನ ಕೆಲಸದ ಬಗ್ಗೆ ಅವಳು ಗಂಟೆಗಟ್ಟಲೆ ಮಾತಾಡಬಲ್ಲಳು. ತಮ್ಮ ತನ್ನ ಕೆಲಸದ ಬಗ್ಗೆ ಮನೆಯಲ್ಲಿ ಬಾಯಿ ಬಿಟ್ಟವನೇ ಅಲ್ಲ. ಯಾರಾದರೂ ಕೇಳಿದರೆ ಅವಳು, "ಏನೋ ಕುಟ್ತಾನಮ್ಮ ಕಂಪ್ಯೂಟರಲ್ಲಿ, ನಂಗೇನು ಗೊತ್ತು," ಎನ್ನುತ್ತಿದ್ದಳು. ಅವಳು ಹೋದ ಆಸ್ಪತ್ರೆಯ ತಂತ್ರಾಂಶ ತಮ್ಮ ಮಾಡಿದ್ದು ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಶಾಖೆ ಅಂಗಡಿಯ ಪಕ್ಕದ ಬೀದಿಯಲ್ಲಿತ್ತು, ಹೋಗಿದ್ದಳು, ಅಷ್ಟೇ.

ಈಗ ಅವನ ಮುಂದೆ ಎರಡು ಚುಕ್ಕೆ.

ಯಾಕೆ ಉಳಿದವು ಎನ್ನುವುದನ್ನು ಅವನು ಯೋಚಿಸಬೇಕಾಗಿರಲಿಲ್ಲ, ಗೊತ್ತಿತ್ತು. ಗೊತ್ತಿರುವುದನ್ನು ಗೊತ್ತು ಎಂದು ಒಪ್ಪಿಕೊಳ್ಳಲು ತಡವಾಗುತ್ತಿತ್ತು. ಕಂಪ್ಯೂಟರಿಗೆ ಅಕ್ಷರ ಎನ್ನುವುದಿಲ್ಲ, ಸಂಖ್ಯೆಗಳಷ್ಟೇ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು ಹೇಳುವ ಕೋಷ್ಟಕ ಬೇರೆ ಇರುತ್ತದೆ. ಇಂಥ ಕೋಷ್ಟಕಗಳು ಹಲವಾರು, ಹಳೆಯವು, ಹೊಸವು. ಫೈಲೊಂದನ್ನು ಯಾವ ಕೋಷ್ಟಕ ಹಿಡಿದು ಬರೆದಿದ್ದಾರೆ ಎಂಬುದು ಆ ಫೈಲಿನೊಳಗೆ ಎಲ್ಲೂ ಬರೆದಿರುವುದಿಲ್ಲ. ಓದುವವನು ಕೇಳಿ ತಿಳಿದುಕೊಳ್ಳಬೇಕು, ಇಲ್ಲವೇ ಊಹಿಸಬೇಕು. ಇಂಗ್ಲಿಷ್ ಅಕ್ಷರ, ಅಂಕಿ, ಪೂರ್ಣವಿರಾಮ ಇವಕ್ಕೆ ಹಳೆಯದರಲ್ಲೂ ಹೊಸದರಲ್ಲೂ ಒಂದೇ ಸಂಖ್ಯೆ. ನಮ್ಮ ಅಕ್ಷರಗಳಿಗೆ ಮಾತ್ರ ಬೇರೆ ಬೇರೆ. ಪಟ್ಟಿಯಲ್ಲಿ ಹೆಸರುಗಳು ಗುರುತಿನ ಚೀಟಿಯಲ್ಲಿದ್ದ ಹಾಗೆ ಇಂಗ್ಲಿಷಿನಲ್ಲಿರುತ್ತಿದ್ದವು. ಷರಾ ಮಾತ್ರ ನಮ್ಮ ಅಕ್ಷರದಲ್ಲಿ.

ತಂತ್ರಾಂಶದ ಮೊದಲ ಆವೃತ್ತಿ ಓದಲಾಗದ ಫೈಲು ಬಂದರೆ ಅಲ್ಲೇ ನಿಲ್ಲಿಸಿ ಕೆಂಪಕ್ಷರದಲ್ಲಿ ತಕರಾರು ಹೇಳುತ್ತಿತ್ತು. ಒಂದು ಶಾಖೆಯಿಂದ, ಅಕ್ಕನ ಅಂಗಡಿಯ ಪಕ್ಕದ್ದೇ, ವಾರವಾರವೂ ಫೋನು. ಆಗ ಅವನು ಎರಡನೆಯ ಉಪಾಯ ಮಾಡಿದ: ಓದಲಾಗದ ಕಡೆಯಲ್ಲೆಲ್ಲ ಕಪ್ಪು ಹರಳಿನೊಳಗೆ ಪ್ರಶ್ನೆಚಿಹ್ನೆಯಿರುವ ಒಂದು ಗುರುತು. ಅದೇ ಶಾಖೆಯ ಮ್ಯಾನೇಜರು ಪರದೆಯ ಫೋಟೋ ಕಳಿಸಿ ಫೋನ್ ಮಾಡಿದರು. "ಏನ್ರೀ ಇದು, ನಿಮ್ಮ ಕಂಪ್ಯೂಟರಲ್ಲಿ ಇಸ್ಪೀಟ್ ಆಡ್ತಾ ಇದ್ದೀರಾ? ಬರೀ ಡೈಮಂಡೇ ಬಿದ್ದಿದೆ."

ಆಫೀಸಿನ ಮುಖ್ಯಸ್ಥನಿಗೆ ಎಲ್ಲರೂ ಇಟ್ಟ ಹೆಸರು ‘ಮುಗೀತಾ’. ಬಾಗಿಲು ತೆರೆದರೆ ಅವನ ಮೊದಲ ಮಾತೇ ಅದು. ಅಂದು ಆ ಫೋಟೋ ನೋಡಿ ಅವನು ಹೇಳಿದ್ದ: "ಕೆಲಸ ಕೊಟ್ಟೋರ ಹತ್ರ ಹೋಗಿ ನಾವು ಪ್ರಶ್ನೆಚಿಹ್ನೆ ತೋರಿಸ್ತೀವೇನೋ? ಓದೋಕ್ಕಾಗದೇ ಇರೋದನ್ನ ಬಿಟ್ಬಿಡು. ಒಂದೆರಡಕ್ಷರ ಹೋದ್ರೆ ಯಾವ ಹಡಗು ಮುಳುಗುತ್ತೆ? ಸಂಜೆಯೊಳಗೆ ಮುಗೀತಾ?"

ಮುಗಿದಿತ್ತು. ಒಂದೇ ಸಾಲು. ಓದಲಾಗದ್ದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗು ಎಂದು ಅದರ ಅರ್ಥ. ಆ ಶಾಖೆಗೆ ಹೋಗಿ, ನೀವು ಯಾವುದರಲ್ಲಿ ಟೈಪ್ ಮಾಡ್ತೀರಿ ಎಂದು ಕೇಳಿದ್ದರೆ ಅರ್ಧ ದಿನದ ಕೆಲಸ. ಅವನಿಗೆ ಹೊಸಬರೊಡನೆ ಮಾತಾಡುವುದು ಎಂದರೆ ಅಂಗಿಯೊಳಗೆ ಇರುವೆ ಬಿಟ್ಟ ಹಾಗೆ. ಆ ಸಾಲು ಬರೆದ ಮೇಲೆ ಫೋನುಗಳು ನಿಂತವು. ಮೇಜಿನ ಮೇಲೆ ಕವಿದ ಆ ಸದ್ದಿಲ್ಲದ ಹೊತ್ತನ್ನು ಅವನು ಎಷ್ಟೋ ದಿನ ಸುಖವಾಗಿ ಅನುಭವಿಸಿದ್ದ. ಒಳ್ಳೆಯ ಕೆಲಸಕ್ಕೆ ಸದ್ದಿರುವುದಿಲ್ಲ ಎಂದೂ ಅಂದುಕೊಂಡಿದ್ದ. ಮ್ಯಾನೇಜರ ಫೋಟೋದಲ್ಲಿ ಹರಳುಗಳು ಒಂದೆರಡಿದ್ದವೋ, ಸಾಲುಸಾಲಾಗಿ ಇದ್ದವೋ? ನೆನಪಾಗಲಿಲ್ಲ. ಆಗ ಸರಿಯಾಗಿ ನೋಡಿರಲಿಲ್ಲವೋ, ನೋಡಿಯೂ ನೋಡದಂತೆ ಇದ್ದನೋ, ಅದೂ ತಿಳಿಯಲಿಲ್ಲ.

ಅಪ್‌ಲೋಡ್ ಆದ ಮೂಲ ಫೈಲುಗಳನ್ನು ತಂತ್ರಾಂಶ ಒಂದು ವರ್ಷ ಕಾಪಾಡುತ್ತದೆ. ಅವನು ಎಂಟು ತಿಂಗಳ ಹಿಂದಿನ ಆ ವಾರದ ಫೈಲು ತೆಗೆದ. ಅಕ್ಕನ ಸಾಲಿನ ಕೊನೆಯಲ್ಲಿ ಸಂಖ್ಯೆಗಳ ಗೊಂಚಲು ಹಾಗೇ ಇತ್ತು, ಒಂದೂ ಹೋಗಿರಲಿಲ್ಲ. ಹಳೆಯ ಕೋಷ್ಟಕಗಳನ್ನು ಒಂದೊಂದಾಗಿ ಹಿಡಿದು ನೋಡಿದ. ಮೊದಲನೆಯದರಲ್ಲಿ ಕಸ ಬಂತು. ಎರಡನೆಯದರಲ್ಲೂ. ಮೂರನೆಯದರಲ್ಲಿ ಅಕ್ಷರಗಳು ತಣ್ಣಗೆ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು.

‘ಎಡಗಣ್ಣಿನ ಒತ್ತಡ ಹೆಚ್ಚು, ನರಕ್ಕೆ ಪೆಟ್ಟು ಶುರು. ಎರಡು ವಾರದೊಳಗೆ ಮತ್ತೆ ಕರೆಸಿ.’

ಅಲ್ಪವಿರಾಮವೂ ಉಳಿದಿರಬೇಕಲ್ಲ ಎಂದು ಅವನ ಬುದ್ಧಿ ಆಗಲೂ ಕೇಳಿತು. ಪಟ್ಟಿಯನ್ನು ಹಿಗ್ಗಿಸಿ ನೋಡಿದ. ಇತ್ತು. ಅವನು ಎರಡು ಚುಕ್ಕೆ ಎಂದುಕೊಂಡದ್ದರಲ್ಲಿ ಮೊದಲಿನದಕ್ಕೆ ಮುಂಚೆ, ಅಂಚಿಗೆ ಅಂಟಿಕೊಂಡು, ಕೂದಲೆಳೆಯಂಥ ಒಂದು ಬಾಲ.

ಆಮೇಲೆ ಅವನು ಆ ಶಾಖೆಯ ಎಲ್ಲ ವಾರಗಳ ಪಟ್ಟಿಗಳಲ್ಲಿ ಷರಾದಲ್ಲಿ ಚುಕ್ಕೆಯಿರುವ ಸಾಲುಗಳನ್ನು ಹುಡುಕಿದ. ಆ ಟೈಪಿಸ್ಟು ಯಾರೋ, ಶಿಸ್ತಿನವರು. ಎರಡು ಮಾತಿನ ಷರಾಕ್ಕೂ ಕೊನೆಗೆ ಪೂರ್ಣವಿರಾಮ ಇಟ್ಟಿದ್ದರು. ಮೂವತ್ತೊಂದು ಸಾಲುಗಳು. ಅಕ್ಕನೂ ಸೇರಿ.

*

"ಸಾರ್, ಒಂದು ತಪ್ಪಾಗಿದೆ."

"ಸರಿ ಮಾಡಿದ್ಯಾ? ಮುಗೀತಾ?"

"ಸಾಲು ತೆಗೆದಿದ್ದೀನಿ. ಹಳೆ ಫೈಲುಗಳನ್ನ ಸರಿಯಾಗಿ ಓದೋ ಹಾಗೆ ಮಾಡಿದ್ದೀನಿ. ಓದೋಕ್ಕಾಗದೇ ಇದ್ರೆ ಇನ್ಮೇಲೆ ತಗೊಳ್ಳಲ್ಲ, ನಿಲ್ಲಿಸಿ ಹೇಳುತ್ತೆ. ಆದ್ರೆ ಮೂವತ್ತೊಂದು ಜನಕ್ಕೆ ಕರೆ ಹೋಗಿಲ್ಲ ಸಾರ್. ಒಂಬತ್ತು ತಿಂಗಳಲ್ಲಿ."

ಮುಗೀತಾ ಕುರ್ಚಿ ತಿರುಗಿಸಿ ಕಿಟಕಿ ಕಡೆ ನೋಡಿದ. ಕೆಟ್ಟವನೇನಲ್ಲ ಅವನು. ಆಮೇಲೆ ಹೇಳಿದ: "ಎಲ್ರಿಗೂ ಈಗಲೇ ಫೋನ್ ಹೋಗ್ಲಿ. ಮರುತಪಾಸಣೆ ಅಂತ ಹೇಳಿದ್ರೆ ಸಾಕು, ಪುರಾಣ ಬೇಡ."

"ಆಸ್ಪತ್ರೆಗೆ ಏನಂತ ಬರೀಲಿ?"

"ಆ ಶಾಖೆಯವರು ಇನ್ನೂ ಹಳೇ ತಂತ್ರಾಂಶದಲ್ಲಿ ಟೈಪ್ ಮಾಡ್ತಿದ್ದಾರೆ, ಅದರಿಂದ ಷರಾ ಬಂದಿಲ್ಲ, ಈಗ ಸರಿಪಡಿಸಿದ್ದೀವಿ. ಇದರಲ್ಲಿ ಸುಳ್ಳೇನಾದ್ರೂ ಇದೆಯಾ?"

ಇರಲಿಲ್ಲ. ಅವನು ಮೇಜಿಗೆ ಬಂದು ಪತ್ರ ಬರೆದ. ಮೂರು ವಾಕ್ಯ. ಮೂರೂ ನಿಜ. ಕಳಿಸುವ ಮುಂಚೆ, ತಾನು ಬರೆದ ಆ ಒಂದು ಸಾಲಿನ ಬಗ್ಗೆ ನಾಲ್ಕನೆಯದೊಂದನ್ನು ಬರೆದು, ಓದಿ, ಅಳಿಸಿದ. ಪಟ್ಟಿಯಲ್ಲಿ ತನ್ನ ಅಕ್ಕ ಇದ್ದಾಳೆ ಎಂಬುದನ್ನು ಮುಗೀತಾನಿಗೂ ಹೇಳಲಿಲ್ಲ.

ಕರೆ ಮಾಡುವವರಿಗೆ ಪಟ್ಟಿ ತಲುಪುವುದು ನಾಳೆ. ಅವನಿಗೆ ಅಲ್ಲಿಯವರೆಗೆ ಕಾಯಲಾಗಲಿಲ್ಲ. ಮೀಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ತಾನೇ ಫೋನ್ ಹಿಡಿದ. ಹೊಸಬರೊಡನೆ ಮಾತಾಡಲಾರದವನು ಇಪ್ಪತ್ತಾರು ಜನ ಹೊಸಬರೊಡನೆ ಮಾತಾಡಿದ. ಒಬ್ಬ ಮುದುಕ, "ಈಗ ನೆನಪಾಯ್ತಾ ನಿಮಗೆ? ನಾನು ಬೇರೆ ಕಡೆ ತೋರಿಸ್ಕೊಂಡು ಆಪರೇಷನ್ನೂ ಆಯ್ತು, ಪಟ್ಟಿ ಬಿಚ್ಚೋಕೆ ಬರ್ತೀರಾ?" ಎಂದು ಗದರಿದ. ಆ ಗದರಿಕೆಯಿಂದ ಅವನಿಗೆ ಉಸಿರು ಬಂದಂತಾಯಿತು. ಒಬ್ಬಳು ಹೆಂಗಸು, "ಏನಾದ್ರೂ ದೊಡ್ಡದಾ ಸಾರ್, ನೀವು ಡಾಕ್ಟ್ರಾ?" ಎಂದು ಕೇಳಿದಳು. "ಅಲ್ಲಮ್ಮ, ನಾನು ಬರೀ ಫೋನ್ ಮಾಡೋನು," ಎಂದ. ನಾಲ್ಕು ನಂಬರುಗಳು ಚಾಲ್ತಿಯಲ್ಲಿರಲಿಲ್ಲ. ಆ ನಾಲ್ವರ ಹೆಸರುಗಳನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಂಡ. ಮುಂದೆ ಎರಡು ವಾರ ವಿಳಾಸ ಹುಡುಕಿ ಮೂವರ ಮನೆ ಬಾಗಿಲು ತಟ್ಟಿದ. ನಾಲ್ಕನೆಯವರು ಸಿಗಲೇ ಇಲ್ಲ.

ಅಕ್ಕನಿಗೆ ಮಾತ್ರ ಫೋನ್ ಮಾಡಲಿಲ್ಲ. ಸಂಜೆ ಅಂಗಡಿಗೇ ಹೋದ. ಅವಳು ಮೇಜಿನ ಮೂಲೆಯಲ್ಲಿ ಕೂತು ಜೇಬಿನ ಬಟ್ಟೆ ಕತ್ತರಿಸುತ್ತಿದ್ದಳು. ಕಲಿಯುವವರಿಗೆ ಕೊಡುವ ಕೆಲಸ.

"ಅಕ್ಕ, ನಾಳೆ ಕಣ್ಣಾಸ್ಪತ್ರೆಗೆ ಹೋಗೋಣ."

"ಈಗ್ಯಾಕೋ? ಫೋನೇ ಬಂದಿಲ್ಲ."

"ಲೋಟ ಬಿತ್ತಲ್ಲ."

"ಲೋಟ ಬಿದ್ದದ್ದಕ್ಕೆ ಆಸ್ಪತ್ರೆಗೆ ಹೋದ್ರೆ, ಮಾತು ಬೀಳದೇ ಇರೋ ನಿನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ನಾನು?" ಎಂದು ನಕ್ಕಳು. ಆಮೇಲೆ ಅವನ ಮುಖ ನೋಡಿ ಕತ್ತರಿ ಕೆಳಗಿಟ್ಟಳು.

*

ಆ ಶಾಖೆಯ ಕತ್ತಲೆ ಕೋಣೆಯಲ್ಲಿ ಒಂದು ಬಿಳಿ ಬಟ್ಟಲಿನಂಥ ಯಂತ್ರ. ಅದರೊಳಗೆ ಮುಖ ಇಟ್ಟು, ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಅವನು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಟಿಕ್. ಟಿಕ್. ಆಮೇಲೆ ತುಂಬ ಹೊತ್ತು ಏನಿಲ್ಲ. ಬೆಳಕು ಬರುತ್ತಿದೆ, ಅಕ್ಕನಿಗೆ ಕಾಣುತ್ತಿಲ್ಲ, ಕಾಣುತ್ತಿಲ್ಲ ಎಂಬುದೂ ಅವಳಿಗೆ ಗೊತ್ತಾಗುತ್ತಿಲ್ಲ. ಮತ್ತೆ ಟಿಕ್.

ಡಾಕ್ಟರು ಚಿತ್ರ ತೋರಿಸಿದರು. ಎಡಗಣ್ಣಿನ ನೋಟದ ಅಂಚು ಒಂದು ಕಡೆ ಪೂರ್ತಿ ಕಪ್ಪಾಗಿತ್ತು.

"ಹೋಗಿರೋದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೋಬಹುದು. ದಿನಾ ಹನಿ ಹಾಕ್ಬೇಕು, ಒಂದು ದಿನಾನೂ ತಪ್ಪಿಸೋ ಹಾಗಿಲ್ಲ."

"ಕತ್ತರಿ ಹಿಡೀಬಹುದಾ ಡಾಕ್ಟ್ರೇ?"

"ಬಲಗಣ್ಣು ಚೆನ್ನಾಗಿದೆ. ಅಭ್ಯಾಸ ಮಾಡ್ಕೋಬೇಕು. ಎಡಗಡೆಗೆ ತಲೆ ತಿರುಗಿಸಿ ನೋಡೋದು ರೂಢಿ ಆಗ್ಬೇಕು. ದೊಡ್ಡ ಕೆಲಸ, ಹರಿತವಾದದ್ದು, ಸ್ವಲ್ಪ ಕಾಲ ಬೇಡ."

"ಆವಾಗ್ಲೇ ಬಂದಿದ್ರೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಆವಾಗ ಶುರುವಾಗಿತ್ತು ಅಷ್ಟೇ. ಇಷ್ಟು ಹೋಗ್ತಿರ್ಲಿಲ್ಲ."

ಹೊರಗೆ ಬಂದವಳೇ ಅಕ್ಕ ನೇರ ಕೌಂಟರಿಗೆ ಹೋದಳು. ಅಲ್ಲಿ ಟೋಕನ್ ಹರಿದು ಕೊಡುತ್ತಿದ್ದ ಹೆಂಗಸಿಗೆ ಅರವತ್ತರ ಹತ್ತಿರ. ಎಲ್ಲರೂ ಅವರನ್ನು ಟೈಪಮ್ಮ ಎನ್ನುತ್ತಿದ್ದರು. ಎದುರಿನ ಕಂಪ್ಯೂಟರಿನ ಮುಂದೆ ಬೇರೆ ಯಾರೋ ಕೂತಿದ್ದರು.

"ನೀವೇ ತಾನೇ ಅವತ್ತು, ಫೋನ್ ಬರ್ಲಿಲ್ಲ ಅಂದ್ರೆ ಸರಿ ಇದೆ ಅಂತ ಹೇಳಿದ್ದು?" ಅಕ್ಕನ ದನಿ ಏರಿತು. ಕಾಯುತ್ತಿದ್ದವರು ತಿರುಗಿ ನೋಡಿದರು. "ನನ್ನ ಅರ್ಧ ಕಣ್ಣು ಹೋಯ್ತಲ್ಲಮ್ಮ! ಒಂದು ಫೋನ್ ಮಾಡೋಕೆ ನಿಮಗೆ ಕೈ ನೋಯ್ತಿತ್ತಾ?"

ಟೈಪಮ್ಮ ಟೋಕನ್ ಪುಸ್ತಕ ಮುಚ್ಚಿದರು. ಸದ್ದಿಲ್ಲದೆ ಎದ್ದು, ಕಪಾಟಿನಿಂದ ದಾರ ಕಟ್ಟಿದ ಕಡತವೊಂದನ್ನು ತಂದು ಬಿಚ್ಚಿದರು. ಪ್ರತಿ ವಾರದ ಪಟ್ಟಿಯನ್ನೂ ಅಚ್ಚು ಹಾಕಿ ಜೋಡಿಸಿದ್ದರು. ಒಂದು ಹಾಳೆಯ ಮೇಲೆ ಬೆರಳಿಟ್ಟು ಅಕ್ಕನ ಕಡೆ ತಿರುಗಿಸಿದರು.

"ಓದಮ್ಮ. ನಾನು ಬರೆದಿದ್ದೀನಿ."

ಅಕ್ಕ ತಲೆ ಸ್ವಲ್ಪ ಓರೆ ಮಾಡಿ ಓದಿದಳು. ಎರಡು ಸಲ ಓದಿದಳು.

"ಮತ್ತೆ ಯಾಕೆ ಕರೀಲಿಲ್ಲ?"

"ಮುಂಚೆ ನಾನೇ ಕೂತ್ಕೊಂಡು ಒಬ್ಬೊಬ್ರಿಗೂ ಫೋನ್ ಮಾಡ್ತಿದ್ದೆ. ಇನ್ನು ನೀವು ಮಾಡ್ಬೇಡಿ, ಕಂಪ್ಯೂಟರ್ ನೋಡ್ಕೊಳ್ಳುತ್ತೆ ಅಂದ್ರು. ನೋಡ್ಕೊಳ್ತು." ಟೈಪಮ್ಮ ಕಡತಕ್ಕೆ ಮತ್ತೆ ದಾರ ಸುತ್ತಿದರು. "ಈಗ ನಾನು ಹಳೇದರಲ್ಲಿ ಟೈಪ್ ಮಾಡಿದ್ದೇ ತಪ್ಪು ಅಂತ ನಿನ್ನೆ ಕಾಗದ ಬಂದಿದೆ, ನನ್ನನ್ನ ಟೋಕನ್‌ಗೆ ಹಾಕಿದ್ದಾರೆ. ಮೂವತ್ತು ವರ್ಷ ಅದರಲ್ಲೇ ಮಾಡಿದ್ದು. ಯಾವುದರಲ್ಲಿ ಮಾಡ್ತೀಯ ಅಂತ ಒಬ್ರಾದ್ರೂ ಬಂದು ಕೇಳಿದ್ರೆ ಹೇಳ್ತಿದ್ದೆ. ನಂಗೇನು ಬಾಯಿಲ್ವಾ?"

ಅವನು ಎರಡು ಹೆಜ್ಜೆ ಹಿಂದೆ ನಿಂತಿದ್ದ. ಟೈಪಮ್ಮ ಒಮ್ಮೆ ಅವನನ್ನು ನೋಡಿದರು, ರೋಗಿಯ ಕಡೆಯವರನ್ನು ನೋಡುವ ಹಾಗೆ. ಅವನು ತಲೆ ತಗ್ಗಿಸಿದ.

"ತಪ್ಪಾಯ್ತಮ್ಮ," ಎಂದಳು ಅಕ್ಕ. "ನಿಮ್ಮ ಮೇಲೆ ರೇಗ್ಬಿಟ್ಟೆ."

"ಪರ್ವಾಗಿಲ್ಲ ಹೋಗಮ್ಮ. ಹನಿ ಮಾತ್ರ ತಪ್ಪಿಸ್ಬೇಡ."

ಬೀದಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಕ್ಕ ಯಾವತ್ತೂ ಯಾರ ಕೈ ಹಿಡಿದು ನಡೆದವಳಲ್ಲ. ಇಂದು ಅವನನ್ನು ಎಡಕ್ಕೆ ಬರಲು ಹೇಳಿ ತೋಳು ಹಿಡಿದಳು.

"ಅಲ್ವೋ, ನೀನು ಅದೇ ಕೆಲಸದವನಲ್ವಾ. ಅವರು ಬರ್ದಿದ್ದಾರೆ, ನಾನೇ ಓದಿದೆ. ಅಷ್ಟೂ ಅಕ್ಷರ ಎಲ್ಲಿ ಹೋಗುತ್ತೆ?"

ಅವನು ಹೇಳಿದ. ಅಕ್ಷರಕ್ಕೆ ಸಂಖ್ಯೆ ಇರುವುದು, ಕೋಷ್ಟಕಗಳು ಬೇರೆ ಬೇರೆ ಇರುವುದು, ಹಳೆಯದರಲ್ಲಿ ಬರೆದದ್ದನ್ನು ಹೊಸದರಲ್ಲಿ ಓದಲು ಹೋದರೆ ಅರ್ಥವಾಗದೆ ಇರುವುದು, ಅರ್ಥವಾಗದ್ದನ್ನೆಲ್ಲ ಬಿಟ್ಟು ಮುಂದೆ ಹೋಗುವುದು. ತನ್ನ ಕೆಲಸದ ಬಗ್ಗೆ ಅವನು ಅಕ್ಕನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು. ಅವಳು ಬಟ್ಟೆಯ ಅಳತೆ ಕೇಳಿಸಿಕೊಳ್ಳುವ ಹಾಗೆ ನಿಧಾನವಾಗಿ ಕೇಳಿಸಿಕೊಂಡಳು.

"ಅಂದ್ರೆ ನಂಗೆ ಗೊತ್ತಾಗ್ಲಿಲ್ಲ ಅಂತ ಹೇಳೋ ಬದ್ಲು ಸುಮ್ನಾಗ್ಬಿಡ್ತು."

"ಹೂಂ."

"ಅದಕ್ಕದೇ ಹಾಗೆ ಸುಮ್ನಾಗುತ್ತಾ? ಯಾರಾದ್ರೂ ಹಾಗೆ ಮಾಡು ಅಂತ ಹೇಳಿರ್ಬೇಕಲ್ವಾ?"

"ಹೇಳಿರ್ತಾರೆ," ಎಂದ ಅವನು.

ಎಡಗಡೆಯಿಂದ ಸೈಕಲ್ಲೊಂದು ಬಂತು. ಅವನು ನಿಂತ, ಅಕ್ಕನೂ ನಿಂತಳು. ಸೈಕಲ್ಲು ಅವಳ ಮುಂದೆ ಹಾದುಹೋದ ಮೇಲೆಯೇ ಅವಳು ಅದನ್ನು ಕಂಡು ಬೆಚ್ಚಿದಳು. ಅವನ ತೋಳಿನ ಮೇಲಿನ ಹಿಡಿತ ಬಿಗಿಯಾಯಿತು. ಇಬ್ಬರೂ ರಸ್ತೆ ದಾಟಿದರು.

ಹಾಗೆ ಮಾಡು ಎಂದು ಹೇಳಿದವನು ತಾನೇ ಎಂದು ಅವನು ಅಕ್ಕನಿಗೆ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೆ ಯಾವತ್ತೂ ಹೇಳಲಿಲ್ಲ.